ಅಕ್ಕಡಿ ಸಾಲಿನ ಊಟ

ವಿಜಯಪುರದಿಂದ ಅಥಣಿ ರಸ್ತೆ ಹಿಡಿದ ಬಸ್ಸು ತೊರವಿ ದಾಟಿದ ಮೇಲೆ ಎರಡೂ ಕಡೆ ಬಯಲು ತೆರೆದುಕೊಳ್ಳುತ್ತದೆ. ಎರಡನೆಯ ಇಬ್ರಾಹಿಂ ಆದಿಲಶಾಹ ಸಂಗೀತಕ್ಕೂ ಕಲೆಗೂ ಎಂದೇ ನವರಸಪುರ ಕಟ್ಟಿಸಲು ಆರಿಸಿಕೊಂಡದ್ದು ಈ ತೊರವಿಯ ನೆಲವನ್ನು. ಈಗ ಅದೇ ಹಾದಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ನನ್ನ ಕಣ್ಣು ಮಾತ್ರ ಜೋಳದ ಹೊಲ ಹುಡುಕುತ್ತಿತ್ತು. ಜನವರಿಯ ಕೊನೆಯ ವಾರ, ಬಿಳಿಜೋಳ ತೆನೆ ತೂಗಿ ನಿಲ್ಲುವ ಕಾಲ. ಹೊರಟದ್ದು ತಿಕೋಟಾ ತಾಲ್ಲೂಕಿನ ಕಳ್ಳಕವಟಗಿಗೆ, ಗೆಳತಿಯ ತವರುಮನೆಯಲ್ಲಿ ಒಂದು ಸೋಮವಾರ ರಾತ್ರಿ ಉಣ್ಣುವುದಕ್ಕೆ.

ಒಂದು ಊಟಕ್ಕಾಗಿ ಇಷ್ಟು ದೂರವೇ ಎಂದು ಮನೆಯಲ್ಲಿ ಕೇಳಿದ್ದರು. ಬೆಂಗಳೂರಿನ ನಮ್ಮ ಮನೆಯವರು ಮಾಂಸ ತಿನ್ನುವವರು. ಸೋಮವಾರ ಮಾತ್ರ ತಿನ್ನುವುದಿಲ್ಲ. ಅತ್ತೆಯವರ ಕಾಲದಿಂದ ನಡೆದುಬಂದ ಕಟ್ಟಳೆ ಅದು, ನನಗೂ ಪ್ರೀತಿಯದು. ಆದರೆ ಆ ರಾತ್ರಿಯ ಊಟ ಯಾರಿಗೂ ಸಾಕಾಗುತ್ತಿರಲಿಲ್ಲ. ಅನ್ನ, ತಿಳಿಸಾರು, ಹುರುಳಿಕಾಯಿ ಪಲ್ಯ, ಹಪ್ಪಳ. ಒಂಬತ್ತಕ್ಕೆ ಕೈ ತೊಳೆದವರು ಹತ್ತೂವರೆಗೆ ಬಿಸ್ಕತ್ತಿನ ಡಬ್ಬಿ ತೆಗೆಯುತ್ತಿದ್ದರು. ಪನೀರು ಮಾಡಿದ್ದಾಯಿತು, ಅಣಬೆ ಮಾಡಿದ್ದಾಯಿತು, ಸೋಯಾ ಉಂಡೆ ಹಾಕಿ ಗಟ್ಟಿ ಸಾರು ಮಾಡಿದ್ದೂ ಆಯಿತು. ತಿನ್ನುವಷ್ಟು ಹೊತ್ತು ಚೆನ್ನಾಗಿರುತ್ತಿತ್ತು, ಉಂಡೆವೆಂಬ ಸಮಾಧಾನ ಮಾತ್ರ ಬರುತ್ತಿರಲಿಲ್ಲ. ಇದನ್ನು ಹೇಳಿಕೊಂಡಾಗ ಗೆಳತಿ ಅಂದಳು: “ನಮ್ಮೂರಾಗ ಒಂದ ಸ್ವಾಮಾರ ಉಂಡ ಬಾ. ಆಮ್ಯಾಲೆ ಮಾತಾಡೋಣು.”

ವಾರಕ್ಕೊಂದು ದಿನ ಮಾಂಸ ಬಿಡುವ ಮಾತು ಈಗ ದೇಶದೇಶಗಳಲ್ಲಿ ಕೇಳಿಬರುತ್ತದೆ. ಮೊದಲ ಮಹಾಯುದ್ಧದ ಹೊತ್ತಿಗೆ, 1917ರಲ್ಲಿ, ಅಮೆರಿಕದ ಆಹಾರ ಆಡಳಿತ ಹರ್ಬರ್ಟ್ ಹೂವರ್ ಅವರ ಕೈಯಲ್ಲಿತ್ತು. ಸೈನ್ಯಕ್ಕೂ ಮಿತ್ರರಾಷ್ಟ್ರಗಳಿಗೂ ಆಹಾರ ಉಳಿಸಬೇಕೆಂದು ಅದು ಮಾಂಸವಿಲ್ಲದ ದಿನ, ಗೋಧಿಯಿಲ್ಲದ ದಿನಗಳನ್ನು ಪಾಲಿಸುವಂತೆ ಜನರನ್ನು ಕೇಳಿಕೊಂಡಿತ್ತು. 2003ರಲ್ಲಿ ಸಿಡ್ ಲರ್ನರ್ ಎಂಬುವರು ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಾರ್ವಜನಿಕ ಆರೋಗ್ಯ ಶಾಲೆಯ ಜೊತೆ ಸೇರಿ ಅದನ್ನೇ ‘ಮೀಟ್‌ಲೆಸ್ ಮಂಡೇ’ ಎಂದು ಮತ್ತೆ ಎಬ್ಬಿಸಿದರು. ಈ ಸಲ ಕಾರಣ ಜನರ ಆರೋಗ್ಯ. ಎರಡೂ ಸಲ ಮಾತು ಶುರುವಾದದ್ದು ಬಿಡುವುದರಿಂದ. ಮೊದಲು ಒಂದನ್ನು ತೆಗೆ, ಆಮೇಲೆ ಖಾಲಿಯಾದ ಜಾಗಕ್ಕೆ ಏನಾದರೂ ಹುಡುಕು. ನಮ್ಮ ಅಡುಗೆಮನೆಯಲ್ಲಿ ಆಗುತ್ತಿದ್ದದ್ದೂ ಅದೇ ಹುಡುಕಾಟ.

ನಮ್ಮ ಬಸ್ಸು ಹಾದುಹೋದ ತಿಕೋಟಾ 2018ರಲ್ಲಿ ತಾಲ್ಲೂಕು ಕೇಂದ್ರವಾಯಿತು. ಬಬಲೇಶ್ವರವೂ ಅದರ ಜೊತೆಗೇ. ಅಲ್ಲಿಯವರೆಗೆ ಇವೆಲ್ಲ ವಿಜಯಪುರ ತಾಲ್ಲೂಕಿನ ಊರುಗಳೇ. ಬಬಲೇಶ್ವರದ ಕಡೆ ಡೋಣಿ ನದಿಯ ಎರಿ ಭೂಮಿ ಇದೆ, ಆಳವಾದ ಕರಿಮಣ್ಣು. ಡೋಣಿ ಹರಿದರೆ ಓಣಿ ತುಂಬ ಜೋಳ ಎಂಬ ಗಾದೆ ಆ ಮಣ್ಣಿನದು. ತಿಕೋಟಾದಿಂದ ಪಶ್ಚಿಮಕ್ಕೆ ಹೋದಂತೆ ಮಣ್ಣಿನ ಪದರು ತೆಳ್ಳಗಾಗಿ ಕಲ್ಲು ಮೇಲೆ ಕಾಣುತ್ತದೆ, ಮಡ್ಡಿ ಶುರುವಾಗುತ್ತದೆ. ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು, ಅದೂ ಬಂದರೆ ಬಂತು. ಈ ಮಡ್ಡಿಗೆ ಈಗ ದ್ರಾಕ್ಷಿ ಬಂದಿದೆ. ರಸ್ತೆಯ ಎರಡೂ ಬದಿಗೆ ಕಬ್ಬಿಣದ ಕಂಬ, ತಂತಿ, ಅದರ ಮೇಲೆ ಹಬ್ಬಿದ ಬಳ್ಳಿ, ಕೆಳಗೆ ಜೋತುಬಿದ್ದ ಗೊನೆಗಳು. ನಡುನಡುವೆ ಹಸಿರು ಬಲೆ ಹೊದೆಸಿದ ಉದ್ದನೆಯ ಶೆಡ್ಡುಗಳು. ಫೆಬ್ರುವರಿ ಬಂತೆಂದರೆ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಕಲಸಿದ ನೀರಿನಲ್ಲಿ ಅದ್ದಿ ಈ ಶೆಡ್ಡುಗಳ ಅಂತಸ್ತುಗಳ ಮೇಲೆ ಹರವುತ್ತಾರೆ. ನಾಲ್ಕು ಕಿಲೋ ಹಣ್ಣು ಒಣಗಿ ಒಂದು ಕಿಲೋ ಮಣೂಕ ಆಗುತ್ತದೆ. ಬೇಸಿಗೆಯಲ್ಲಿ ಬಳ್ಳಿ ಉಳಿಸಿಕೊಳ್ಳಲು ಟ್ಯಾಂಕರಿನ ನೀರು ಕೊಂಡು ಹಾಕಿದ ರೈತರು ಈ ಭಾಗದಲ್ಲಿ ಬಹಳ. ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈ ಕಡೆ ಹತ್ತಿ ಬಂದ ಮೇಲೆ ಊರುಗಳ ಮುಖವೇ ಬದಲಾಗಿದೆ. ಅದು ಒಳ್ಳೆಯದೇ. ಗುಳೆ ಹೋಗುತ್ತಿದ್ದ ಮನೆಗಳು ಊರಲ್ಲಿ ನಿಂತಿವೆ. ಜೋಳ ಮಾತ್ರ ನನಗೆ ತಿಕೋಟಾದಿಂದಾಚೆ ತುಣುಕು ತುಣುಕಾಗಿಯಷ್ಟೇ ಕಂಡಿತು.

ಕಳ್ಳಕವಟಗಿ ಮಹಾರಾಷ್ಟ್ರದ ಜತ್ತ ಸೀಮೆಗೆ ಹತ್ತಿರದ ಊರು. ಬಸ್ಸಿನಲ್ಲಿ ನನ್ನ ಹಿಂದೆ ಕೂತಿದ್ದ ಇಬ್ಬರು ಹೆಂಗಸರ ಮಾತು ಕನ್ನಡದಲ್ಲಿ ಶುರುವಾಗಿ ಮರಾಠಿಗೆ ಹೊರಳಿ ಮತ್ತೆ ಕನ್ನಡಕ್ಕೆ ಬರುತ್ತಿತ್ತು. ಗೆಳತಿಯ ತವರಿನ ಅಂಗಳದಲ್ಲಿ ಒಂದು ಜೋಡಿ ಎತ್ತು ಬೇವಿನ ನೆರಳಲ್ಲಿ ಮಲಗಿದ್ದವು. ಹಗಲು ಹನ್ನೊಂದಕ್ಕೆ ಎತ್ತು ಮಲಗಿವೆಯಲ್ಲ ಎಂದು ಕೇಳಿದೆ. “ಇವತ್ತ ಸ್ವಾಮಾರ ಅಲ್ಲೇನ್ರಿ ಅಕ್ಕಾರ, ಬಸವಣ್ಣಗ ಸೂಟಿ” ಎಂದ ಗೆಳತಿಯ ತಮ್ಮ. ಉತ್ತರ ಕರ್ನಾಟಕದ ಊರುಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಈ ಮನೆಯಲ್ಲೂ ಟ್ರ್ಯಾಕ್ಟರು ಬಂದಿದೆ, ಆದರೂ ಕಟ್ಟಳೆ ನಿಂತಿದೆ. ಮನೆಯವರು ಮಾಂಸ ಬಿಟ್ಟವರಲ್ಲ. ಭಾನುವಾರ, ಜಾತ್ರೆಗೆ, ಬೀಗರು ಬಂದಾಗ ಕುರಿಯೋ ಕೋಳಿಯೋ ಆಗುತ್ತದೆ. ಸೋಮವಾರ ಇಲ್ಲ, ಶ್ರಾವಣದಲ್ಲಿ ತಿಂಗಳಿಡೀ ಇಲ್ಲ. ಎತ್ತಿಗೆ ಬಿಡುವಿದ್ದರೆ ಗಂಡಸರಿಗೂ ಅರ್ಧ ಬಿಡುವು. ಎಲ್ಲರೂ ಒಂದೇ ಹೊತ್ತಿಗೆ ಮನೆಯಲ್ಲಿದ್ದು ಕೂಡಿ ಕೂತು ಉಣ್ಣುವ ರಾತ್ರಿ ಅದೊಂದೇ. ಹೀಗಾಗಿ ಈ ಮನೆಯಲ್ಲಿ ವಾರದ ದೊಡ್ಡ ಊಟ ಸೋಮವಾರ ಬೀಳುತ್ತದೆ. ನಮ್ಮ ಮನೆಯಲ್ಲಿ ವಾರದ ಬಡ ಊಟ ಬೀಳುತ್ತಿದ್ದದ್ದೂ ಅದೇ ದಿನ.

ಬಿಸಿಲು ಇಳಿದ ಮೇಲೆ ಅವ್ವ ಬುಟ್ಟಿ ಕೈಗೆತ್ತಿಕೊಂಡರು. ಗೆಳತಿಯ ತಾಯಿಯನ್ನು ನಾನೂ ಅವ್ವ ಎಂದೇ ಕರೆಯುತ್ತೇನೆ. “ಬಾ ಯವ್ವಾ, ಹೊಲಕ್ಕ ಹೋಗಿ ರಾತ್ರಿಗಿ ತರೂಣು.” ದ್ರಾಕ್ಷಿ ತೋಟದ ಬೇಲಿ ದಾಟಿ, ಹಳ್ಳದ ಆಚೆ, ತಗ್ಗಿನಲ್ಲಿ ಒಂದು ತುಂಡು ಕರಿಮಣ್ಣಿನ ಹೊಲ. ದ್ರಾಕ್ಷಿಗೆ ಇಂಥ ನೀರು ನಿಲ್ಲುವ ಮಣ್ಣು ಒಗ್ಗುವುದಿಲ್ಲವೆಂದು ಅದೊಂದು ಉಳಿದಿದೆ. ಅಲ್ಲಿ ಜೋಳ ನನ್ನ ತಲೆಗಿಂತ ಎತ್ತರ ನಿಂತಿತ್ತು. ಕಾಳಿನ ಹಾಲು ಗಟ್ಟಿಯಾಗಿತ್ತು, ಹಸಿ ತೆನೆ ಸುಟ್ಟು ತಿನ್ನುವ ಸೀತನಿಯ ಕಾಲ ಮುಗಿಯುತ್ತ ಬಂದಿತ್ತು. ಒಳಗೆ ಕಾಲಿಟ್ಟ ಮೇಲೆ ತಿಳಿಯಿತು, ಅದು ಬರೀ ಜೋಳದ ಹೊಲವಲ್ಲ. ಕೆಲವು ಸಾಲು ಜೋಳ, ಆಮೇಲೆ ಒಂದು ಸಾಲು ಮೊಣಕಾಲೆತ್ತರದ ಕಡಲೆ, ತುಂಬ ಕಾಯಿ ಹಿಡಿದದ್ದು. ಮುಂದೆ ಒಂದೆಡೆ ನೀಲಿ ಹೂವಿನ ಅಗಸಿ. ಹೊಲದ ನಾಲ್ಕೂ ಅಂಚಿಗೆ ಕಿತ್ತಳೆ ಹೂ ಬಿಟ್ಟ ಕುಸುಬಿ. ಅದರ ಎಲೆಯಂಚಿನ ಮುಳ್ಳು ಸೀರೆಗೆ ಸಿಕ್ಕಿ ಎಳೆಯಿತು.

“ದನ ಒಳಗ ಬರೂದಿಲ್ಲ, ಮುಳ್ಳ ನೋಡಿ ಹೊಳ್ಳಿ ಹೋಗ್ತಾವು” ಎಂದರು ಅವ್ವ, ಸೆರಗು ಬಿಡಿಸುತ್ತ. “ಎಳೇದಿದ್ದಾಗ ಇದರ ಎಲಿ ಪಲ್ಯ ಮಾಡ್ತೀವಿ. ಕಾಳಿನಿಂದ ಎಣ್ಣಿ. ಕಾಳ ಅರದ ಹಾಲ ತಗದ್ರ ಹುಗ್ಗಿ.”

ಇದೇ ಅಕ್ಕಡಿ. ಮುಖ್ಯ ಬೆಳೆಯ ಸಾಲುಗಳ ನಡುವೆ ಬೇರೆ ಬೇರೆ ಕಾಳುಗಳ ಸಾಲು ಬಿಡುವ ಪದ್ಧತಿ. ಬಿತ್ತುವಾಗ ಕೂರಿಗೆಯ ಹಿಂದೆ ಹೆಣ್ಣುಮಕ್ಕಳು ಬೇರೊಂದು ಬೀಜದ ಕೊಳವೆ ಹಿಡಿದು, ಉಡಿಯಲ್ಲಿ ಕಟ್ಟಿಕೊಂಡ ಕಾಳನ್ನು ಹಿಡಿಹಿಡಿಯಾಗಿ ಅದರೊಳಗೆ ಬಿಡುತ್ತ ನಡೆಯುತ್ತಾರೆ. ಕಡಲೆಯ ಬೇರಿನ ಗಂಟುಗಳು ಗಾಳಿಯ ಸಾರಜನಕ ಹಿಡಿದು ಮಣ್ಣಿಗೆ ಕೊಡುತ್ತವೆ. ಕುಸುಬಿಯ ತಾಯಿಬೇರು ಜೋಳದ ಬೇರು ಮುಟ್ಟದ ಆಳದಿಂದ ತೇವ ಎಳೆದುಕೊಳ್ಳುತ್ತದೆ. ಒಂದು ಹೋದರೆ ಇನ್ನೊಂದು ಕೈ ಹಿಡಿಯುತ್ತದೆ. ಕೃಷಿ ಪುಸ್ತಕಗಳಲ್ಲಿ ಇದಕ್ಕೆ ಮಿಶ್ರ ಬೆಳೆ, ಅಂತರ ಬೆಳೆ ಎಂಬ ಹೆಸರುಗಳಿವೆ. ಒಣಬೇಸಾಯದ ಕಷ್ಟ ಅರಿಯಲೆಂದೇ 1930ರ ದಶಕದಲ್ಲಿ ಸೊಲ್ಲಾಪುರ, ಬಿಜಾಪುರ, ರಾಯಚೂರು, ಹಗರಿ, ರೋಹತಕಗಳಲ್ಲಿ ಸಂಶೋಧನಾ ಕೇಂದ್ರಗಳನ್ನು ತೆರೆದಿದ್ದರು. ಈ ಸೀಮೆಯ ಅಕ್ಕರೆಯ ಮಾಲದಂಡಿ ಜೋಳ, ಎಂ 35-1, ಅದೇ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಊರ ತಳಿಯಿಂದಲೇ ಆಯ್ದು ತೆಗೆದದ್ದು. ಅವ್ವ ಹೇಳಿದ ಒಂದು ಮಾತು ಮಾತ್ರ ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿಲ್ಲ.

“ಜ್ವಾಳ ಎಷ್ಟ ಹಾಕಬೇಕಂತ ನಮ್ಮನಿಯವ್ರು ಹೇಳಾವ್ರು. ಅಕ್ಕಡಿ ಏನ ಹಾಕಬೇಕಂತ ನಾ ಹೇಳಾಕಿ. ವರಸಾನಗಟ್ಲೆ ಮನ್ಯಾಗ ಏನ ಉಣಬೇಕು ಅನ್ನೂದು ನನಗಲ್ಲೇನ ಗೊತ್ತು?”

ಬಂದ ಕೆಲಸ ಅಲ್ಲೇ, ಆ ಬದುವಿನ ಮೇಲೆ, ಅರ್ಧ ಆಯಿತೆಂದು ನನಗೆ ಅನ್ನಿಸಿತು. ಊಟದಲ್ಲಿ ಯಾವುದು ಮುಖ್ಯ ಪದಾರ್ಥ, ಯಾವುದು ನಂಚಿಕೊಳ್ಳುವುದು ಎಂದು ನಾನು ಅಡುಗೆಮನೆಯಲ್ಲಿ ನಿಂತು ತಲೆ ಕೆಡಿಸಿಕೊಂಡಿದ್ದೆ. ಇಲ್ಲಿ ಅದನ್ನು ಬಿತ್ತುವ ದಿನವೇ ಉಣಿಸುವವಳು ನಿಶ್ಚಯಿಸುತ್ತಿದ್ದಳು. ಹಿಂಗಾರಿಗೆ ಜೋಳದ ಜೊತೆ ಕಡಲೆ, ಅಗಸಿ, ಕುಸುಬಿ. ಮುಂಗಾರಿಗೆ ಸಜ್ಜೆ, ತೊಗರಿ, ಹೆಸರು, ಮಡಿಕೆ, ಶೇಂಗಾ, ಗುರೆಳ್ಳು. ತಟ್ಟೆಯ ಮೇಲೆ ಬರುವ ಸಂಬಂಧಗಳೆಲ್ಲ ಮಣ್ಣಿನಲ್ಲೇ ಕೂಡಿ ಬೆಳೆದವು.

ಬುಟ್ಟಿಯಲ್ಲಿ ಹಸಿ ಕಡಲೆ ಗಿಡ, ಬದುವಿನಲ್ಲಿ ತಾನಾಗಿ ಹುಟ್ಟಿದ ಹಕ್ಕರಕಿ, ಬಾವಿಯ ಬದಿಯ ಮಡಿಯಿಂದ ಪುಂಡಿ ತಪ್ಪಲು, ಮೆಂತ್ಯೆ, ಎಳೆ ಮೂಲಂಗಿ, ಹತ್ತು ಹನ್ನೆರಡು ಬದನೆಕಾಯಿ ತುಂಬಿಕೊಂಡು ಮನೆಗೆ ಬಂದೆವು. ಬದನೆಯ ತೊಟ್ಟಿನಲ್ಲಿ ಮುಳ್ಳಿತ್ತು. ಮುಳ್ಳಿರುವ ಕಾಯಿಯೇ ರುಚಿ ಎಂದು ಅವ್ವ ಆರಿಸಿ ಕಿತ್ತಿದ್ದರು.

ಅವ್ವನ ಸೊಸೆ ಒಲೆ ಹೊತ್ತಿಸಿದ್ದಳು. ಗ್ಯಾಸು ಇದೆ, ರೊಟ್ಟಿಗೆ ಕಟ್ಟಿಗೆ ಒಲೆಯೇ ಬೇಕು. ಜೋಳದ ಹಿಟ್ಟಿನ ನಡುವೆ ಕುಣಿ ಮಾಡಿ ಕುದಿಯುವ ಎಸರು ಸುರಿದು ಮೊದಲು ಕಟ್ಟಿಗೆಯ ಹುಟ್ಟಿನಿಂದ, ಆಮೇಲೆ ಅಂಗೈಯ ಬುಡದಿಂದ ನಾದಿದಳು. ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿಲ್ಲ. ಕುದಿನೀರು ಬಿದ್ದಾಗ ಹಿಟ್ಟಿನ ಪಿಷ್ಟ ಅರೆಬೆಂದು ಅಂಟು ಬಿಡುತ್ತದೆ, ರೊಟ್ಟಿಯನ್ನು ಹರಿಯದಂತೆ ಹಿಡಿಯುವುದು ಆ ಅಂಟು. ಬೀಸಿ ಬಹಳ ದಿನ ಇಟ್ಟ ಹಿಟ್ಟಿನ ಜಿಗಿ ಹೋಗುತ್ತದೆ, ಬಡಿಯುವಾಗ ಅಂಚು ಬಿರಿಯುತ್ತದೆ. ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು ಎರಡು ಅಂಗೈಯಿಂದ ಬಡಿಯತೊಡಗಿದಳು. ಪ್ರತಿ ಪೆಟ್ಟಿಗೂ ರೊಟ್ಟಿ ಒಂದಿಷ್ಟು ತಾನೇ ತಿರುಗುತ್ತಿತ್ತು, ಒಂದಿಷ್ಟು ಹರಡುತ್ತಿತ್ತು. ಹಂಚಿಗೆ ಹಾಕಿದ ಕೂಡಲೇ ಒದ್ದೆ ಅರಿವೆಯಿಂದ ಮೇಲೆ ನೀರು ಸವರಿದಳು; ಆ ನೀರು ಆರುವುದರೊಳಗೆ ತಿರುವಿದಳು; ಆಮೇಲೆ ಹಂಚಿನಿಂದ ತೆಗೆದು ಕೆಂಡದ ಮುಂದೆ ಓರೆಯಾಗಿ ನಿಲ್ಲಿಸಿದಳು. ಒಂದು ಮೂಲೆಯಿಂದ ಉಬ್ಬು ಎದ್ದು ಇಡೀ ರೊಟ್ಟಿ ತುಂಬಿಕೊಂಡಿತು. “ಅಕ್ಕಾರ, ಹಿಂಗ ಉಬ್ಬಿದ್ರ ಎರಡ ಪದರ ಬಿಟ್ಟಾವಂತ ತಿಳೀಬೇಕ್ರಿ. ಒಳಗೂ ಬೆಂದೈತಿ ಅಂತ.”

ಬದನೆಕಾಯಿಯ ಕೆಲಸ ಅವ್ವ ತಾವೇ ಹಿಡಿದರು. ತೊಟ್ಟು ಬಿಡದೆ ಕಾಯನ್ನು ಅಡ್ಡ ಉದ್ದ ಸೀಳಿ ಉಪ್ಪುನೀರಿಗೆ ಹಾಕಿದರು. ಶೇಂಗಾ ಹುರಿದು ಕುಟ್ಟಿದ ಪುಡಿ, ಹುರಿದ ಗುರೆಳ್ಳಿನ ಪುಡಿ, ಒಂದಿಷ್ಟು ಎಳ್ಳು, ಒಣಕೊಬ್ಬರಿ, ಜಜ್ಜಿದ ಬೆಳ್ಳುಳ್ಳಿ, ಮನೆಯ ಮಸಾಲಿ ಖಾರ, ಹುಣಸೆಹುಳಿ, ಬೆಲ್ಲ, ಉಪ್ಪು. ಗುರೆಳ್ಳು ಸೇರಿದ ಮೇಲೆ ತುಂಬುವ ಮಸಾಲೆ ಕರ್ರಗಾಗುತ್ತದೆ. ನಾನು ಬೆಂಗಳೂರಿನ ಹೋಟೆಲುಗಳಲ್ಲಿ ತಿಂದ ಎಣ್ಣೆಗಾಯಿಗೆ ಆ ಬಣ್ಣವಿರಲಿಲ್ಲ, ಆ ಘಮವೂ ಇರಲಿಲ್ಲ. ಕಾಯಿಗಳನ್ನು ತುಂಬಿ ಎಣ್ಣೆಯಲ್ಲಿ ಸಣ್ಣ ಉರಿಗಿಟ್ಟು, ಮುಚ್ಚಳದ ಮೇಲೆ ನೀರು ಹಾಕಿಟ್ಟರು. ಉಳಿದ ಮಸಾಲೆಗೆ ಬಿಸಿನೀರು ಕಲಸಿ ಮೇಲೆ ಸುರಿದದ್ದು ಆಮೇಲೆ. ಎಣ್ಣೆ ಅಂಚಿಗೆ ಬಿಟ್ಟುಕೊಳ್ಳುವವರೆಗೂ ಕೈ ಹಾಕಲಿಲ್ಲ, ಕಾಯಿ ತಿರುವಿದ್ದೂ ಒಂದೇ ಸಲ.

ಪುಂಡಿ ಪಲ್ಯಕ್ಕೆ ತೊಗರಿಬೇಳೆಯ ಜೊತೆ ಒಂದು ಹಿಡಿ ಜೋಳದ ನುಚ್ಚು ಬಿತ್ತು. ನುಚ್ಚು ಬೆಂದು ಹುಳಿಯನ್ನು ಹಿಡಿದುಕೊಳ್ಳುತ್ತದೆ, ಪಲ್ಯ ಗಟ್ಟಿಯಾಗುತ್ತದೆ. ಮೇಲೆ ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆ. ಝುಣಕಕ್ಕೆ ಹತ್ತು ನಿಮಿಷವೂ ಹಿಡಿಯಲಿಲ್ಲ: ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಜೀರಿಗೆಯ ಒಗ್ಗರಣೆಗೆ ನೀರು ಕುದಿಸಿ ಕಡಲೆಹಿಟ್ಟು ಉದುರಿಸುತ್ತ ತಿರುವಿದರಾಯಿತು. ಮೊಳಕೆ ಬಂದ ಮಡಿಕೆಕಾಳು ಮುಂಚಿನ ದಿನವೇ ಅರಿವೆಯಲ್ಲಿ ಕಟ್ಟಿಟ್ಟಿದ್ದರು.

ಇಷ್ಟರಲ್ಲಿ ಯಾವುದು ಮುಖ್ಯ ಎಂದು ಕೇಳಿದೆ. ಅವ್ವನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. “ರೊಟ್ಟಿ ಊಟ ಅಲ್ಲೇನ ಯವ್ವಾ. ರೊಟ್ಟಿಗಿ ಒಂದ ಕಾಳ ಇರಬೇಕು, ಒಂದ ತಪ್ಪಲ ಇರಬೇಕು, ಒಂದ ಹಿಂಡಿ ಇರಬೇಕು, ಹಸೇದ ಒಂದ ಇರಬೇಕು. ಮ್ಯಾಲ ಮಸರು. ಇದರಾಗ ಒಂದ ಕಮ್ಮಿ ಆದ್ರ ಎದ್ದ ಮ್ಯಾಲ ಏನೋ ಬಿಟ್ಟಂಗ ಆಗ್ತೈತಿ.”

ರಾತ್ರಿ ಪಡಸಾಲೆಯಲ್ಲಿ ಎಲ್ಲರೂ ಒಂದೇ ಸಾಲಿಗೆ ಕೂತೆವು. ಬಿಸಿರೊಟ್ಟಿ ಮೊದಲು, ಅದರ ಮೇಲಿನ ಪದರು ಬಿಡಿಸಿ ಒಳಗೆ ಬೆಣ್ಣೆ. ಪಕ್ಕದಲ್ಲಿ ಎಣ್ಣೆಗಾಯಿ, ಮಡಿಕೆಕಾಳು, ಪುಂಡಿ ಪಲ್ಯ, ಝುಣಕ. ಹಿಂಡಿ ಎಂದರೆ ಇಲ್ಲಿ ಚಟ್ನಿಪುಡಿ; ಶೇಂಗಾದ್ದು, ಅಗಸಿಯದು ಎರಡಕ್ಕೂ ನಡುವೆ ಗುಣಿ ಮಾಡಿ ಮೊಸರು. ಕೆಂಪು ಹಣ್ಣುಮೆಣಸಿನಕಾಯಿಯ ರಂಜಕ ಆ ವಾರವೇ ಹಾಕಿದ್ದು. ಹಸಿ ಮೂಲಂಗಿ, ಮೆಂತ್ಯೆ, ಹಕ್ಕರಕಿ, ಗುದ್ದಿ ಒಡೆದ ಉಳ್ಳಾಗಡ್ಡಿ. ಯಾರೂ ಬೇಗ ಬೇಗ ಉಣ್ಣಲಿಲ್ಲ. ಜೋಳದ ರೊಟ್ಟಿ ಹಾಗೆ ಉಣ್ಣಗೊಡುವುದಿಲ್ಲ. ಅಗಿಯಬೇಕು, ಅಗಿಯುವಾಗ ಸಿಹಿಯಾಗುತ್ತದೆ. ಒಂದು ತುತ್ತು ಹುಳಿ, ಮುಂದಿನದು ಹಿಂಡಿಯ ಖಾರ, ಅದಕ್ಕೆ ಮೊಸರು, ಆಮೇಲೆ ಕುರುಕುರು ಎನ್ನುವ ಮೂಲಂಗಿ. ಬಾಯಿಗೆ ಬೇಸರ ಬರಲು ಎಡೆಯೇ ಇರಲಿಲ್ಲ. ಮಕ್ಕಳಿಗೆ ಸೊಸೆ ಮುಟಗಿ ಮಾಡಿಕೊಟ್ಟಳು: ದಪ್ಪಗೆ ಬಡಿದ ರೊಟ್ಟಿಯನ್ನು ಬಿಸಿಯಿದ್ದಾಗಲೇ ಚೂರು ಮಾಡಿ, ಬೆಳ್ಳುಳ್ಳಿ, ಜೀರಿಗೆ, ಒಂದೆರಡು ಮೆಣಸಿನಕಾಯಿ, ಉಪ್ಪು ಹಾಕಿ ಒರಳಲ್ಲಿ ಕುಟ್ಟಿ, ತುಪ್ಪ ಸುರಿದು ಮುಟಗಿಯಲ್ಲೇ ಉಂಡೆ ಕಟ್ಟಿದ್ದು. ಒಂದು ಉಂಡೆ ತಿಂದ ಹುಡುಗ ಅಲ್ಲೇ ತೂಕಡಿಸಿದ. ಕಡೆಗೆ ನುಚ್ಚು–ಮಜ್ಜಿಗೆ. ಅನ್ನ ಇದೆ ಎಂದರು, ಯಾರೂ ಕೇಳಲಿಲ್ಲ.

ಬೆಳಗಿನವರೆಗೂ ನನಗೆ ಹಸಿವಿನ ನೆನಪಾಗಲಿಲ್ಲ. ಇದಕ್ಕೆ ಕಾರಣ ಲೆಕ್ಕದಲ್ಲೂ ಸಿಗುತ್ತದೆ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು. ಮೂರು ನಾಲ್ಕು ರೊಟ್ಟಿಗೆ ಹೆಚ್ಚುಕಡಿಮೆ 200 ಗ್ರಾಂ ಹಿಟ್ಟು ಬೇಕು, ಅಂದರೆ ರೊಟ್ಟಿಯಿಂದಲೇ 20 ಗ್ರಾಮಿನಷ್ಟು. ಕಡಲೆ, ಮಡಿಕೆ, ತೊಗರಿಗಳಲ್ಲಿ ನೂರು ಗ್ರಾಮಿಗೆ 20ರ ಆಸುಪಾಸು, ಶೇಂಗಾದಲ್ಲಿ 25ರ ಹತ್ತಿರ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ; ಕಾಳುಗಳಲ್ಲಿ ಅದು ಧಾರಾಳ. ಕಾಳುಗಳಲ್ಲಿ ಮೆಥಿಯೋನಿನ್ ಕಡಿಮೆ. ಅದನ್ನು ಜೋಳವೂ ಎಳ್ಳಿನಂಥ ಎಣ್ಣೆಕಾಳೂ ತುಂಬುತ್ತವೆ. ಹಿಂಡಿಯ ಎಣ್ಣೆ ಊಟವನ್ನು ಹೊಟ್ಟೆಯಲ್ಲಿ ನಿಲ್ಲಿಸುತ್ತದೆ, ರೊಟ್ಟಿಯ ನಾರು ನಿಧಾನಕ್ಕೆ ಕರಗಗೊಡುತ್ತದೆ. ನಮ್ಮ ಅನ್ನ–ತಿಳಿಸಾರಿನ ರಾತ್ರಿಗಳಲ್ಲಿ ಕಾಳೂ ಇರಲಿಲ್ಲ, ಎಣ್ಣೆಕಾಳೂ ಇರಲಿಲ್ಲ. ಪನೀರು ತಂದಾಗ ಪ್ರೋಟೀನು ಬಂತು, ಅಗಿಯುವ ಕೆಲಸವಾಗಲಿ ತುತ್ತಿನಿಂದ ತುತ್ತಿಗೆ ಬದಲಾಗುವ ರುಚಿಯಾಗಲಿ ಬರಲಿಲ್ಲ. ಒಂದೇ ಪದಾರ್ಥದ ಮೇಲೆ ಇಡೀ ಊಟ ಹೊರಿಸುವುದೇ ಸರಿಯಲ್ಲವೆಂದು ಈಗ ಗಟ್ಟಿಯಾಗಿ ಹೇಳಬಲ್ಲೆ.

ಈ ಊಟ ಬದಲಾಗದೆ ಬಂದ ಹಳೆಯ ಗಂಟು ಎಂದುಕೊಳ್ಳುವುದೂ ತಪ್ಪು. ಬದನೆ ನಮ್ಮ ನೆಲದ್ದು. ರಂಜಕದ ಮೆಣಸಿನಕಾಯಿ, ಹಿಂಡಿಯ ಶೇಂಗಾ ಎರಡೂ ಅಮೆರಿಕ ಖಂಡಗಳಿಂದ ಹಡಗೇರಿ ಬಂದವು. ಶೇಂಗಾ ನಮ್ಮ ಹೊಲಗಳನ್ನು ದೊಡ್ಡದಾಗಿ ಹಿಡಿದದ್ದು 19ನೇ ಶತಮಾನದಿಂದೀಚೆಗೆ. ಅವೆರಡಿಲ್ಲದ ವಿಜಯಪುರದ ಊಟ ಇವತ್ತು ಯಾರಿಗೂ ಕಲ್ಪನೆಗೆ ಬಾರದು. ಒಳಗೆ ಬಂದದ್ದನ್ನು ರೊಟ್ಟಿಯ ಪಕ್ಕಕ್ಕೆ ಕೂರಿಸಿಕೊಂಡ ಜನ ಇವರು. 1884ರಲ್ಲಿ ಪ್ರಕಟವಾದ ಮುಂಬೈ ಪ್ರಾಂತ್ಯದ ಗೆಝೆಟಿಯರಿನ ಬಿಜಾಪುರ ಸಂಪುಟ ಒಂದೊಂದು ಸಮುದಾಯದ ಊಟವನ್ನೂ ಬರೆದಿದೆ. ಜಾತಿ ಬದಲಾದರೂ ಪುಟದಿಂದ ಪುಟಕ್ಕೆ ಜೋಳದ ರೊಟ್ಟಿ, ಬೇಳೆ, ಕಾಯಿಪಲ್ಯ ಮರಳಿ ಬರುತ್ತವೆ. ಮಾಂಸ ತಿನ್ನುವವರಿಗೂ ತಿನ್ನದವರಿಗೂ ತಳದ ಊಟ ಒಂದೇ. ಬಸವಣ್ಣನವರ ಬಾಗೇವಾಡಿ ಇದೇ ಜಿಲ್ಲೆಯದು, ದಾಸೋಹದ ಮಾತು ಇಲ್ಲಿ ಮನೆಮಾತು. ಮಠದ ಜಾತ್ರೆ ಬಂದರೆ ಮನೆಮನೆಯಿಂದ ರೊಟ್ಟಿಯ ಗಂಟು ಹೋಗುತ್ತದೆ. ಕಟಕ್ ಎನ್ನುವಂತೆ ಒಣಗಿಸಿದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಹುಟ್ಟಿದ ಬಿಜ್ಜರಗಿಯೂ ಇದೇ ತಿಕೋಟಾ ಸೀಮೆ. 2023ರ ಜನವರಿ 2ರಂದು ಅವರು ದೇಹ ಬಿಟ್ಟಾಗ ಲಕ್ಷಾಂತರ ಜನ ವಿಜಯಪುರಕ್ಕೆ ಬಂದಿದ್ದನ್ನು ಅವ್ವ ನೆನೆದರು. ಜೇಬಿಲ್ಲದ ಅಂಗಿ ತೊಟ್ಟು ಬದುಕಿದ ಅವರನ್ನು ದೇವರೆಂದೇ ನೆನೆಯುವ ಈ ಊರುಗಳಲ್ಲಿ ಸಾದಾ ಊಟಕ್ಕೆ ಬಡತನದ ಕಳಂಕವಿಲ್ಲ. ಮನೆಯವರಿಗೂ ಅದೇ, ಆಳಿಗೂ ಅದೇ.

ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಒಂದು ವಾದ ಎದ್ದಿತು. ಗೆಳತಿಯ ತಮ್ಮ ಆ ತಗ್ಗಿನ ಹೊಲಕ್ಕೂ ಮುರುಮು ಹಾಕಿಸಿ ಎತ್ತರಿಸಿ ದ್ರಾಕ್ಷಿ ಮಾಡುವ ಆಲೋಚನೆಯಲ್ಲಿದ್ದ. ಅವನ ಮಾತಿನಲ್ಲಿ ಹುರುಳಿಲ್ಲದಿಲ್ಲ. “ಜ್ವಾಳ ಕೊಯ್ಯಾಕ ಆಳ ಸಿಗೂದಿಲ್ರಿ ಅಕ್ಕಾರ. ಸಿಕ್ರೂ ಪಗಾರ ಕೊಟ್ಟ ಕೈಗಿ ಏನ ಉಳೀತೈತಿ? ಸಾಲ ಹರಿಯೂದು ದ್ರಾಕ್ಷಿಯಿಂದ. ಜ್ವಾಳ ಪ್ಯಾಟ್ಯಾಗ ಸಿಗ್ತೈತಿ.” ಅವ್ವ ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: “ಜ್ವಾಳ ಸಿಗ್ತೈತಿ. ಹಕ್ಕರಕಿ ಸಿಗ್ತೈತೇನ? ಅಗಸಿ? ಈ ಕಡ್ಲಿ? ದನಕ್ಕ ಕಣಕಿ ಎಲ್ಲಿಂದ ತರತಿ?” ಮಗನ ಹತ್ತಿರ ಕಣಕಿಗೆ ಉತ್ತರವಿತ್ತು, ಉಳಿದದ್ದಕ್ಕೆ ಇರಲಿಲ್ಲ.

ನಾನು ಇಬ್ಬರ ಮಾತನ್ನೂ ಕೇಳುತ್ತ ಕೂತೆ. ದ್ರಾಕ್ಷಿಯ ಹಣದಿಂದಲೇ ಈ ಮನೆಯ ಹುಡುಗಿ ಓದಿ ಬೆಂಗಳೂರಿಗೆ ಬಂದಳು, ನನ್ನ ಗೆಳತಿಯಾದಳು. ಹಾಗಿದ್ದೂ ನನ್ನ ಮನಸ್ಸು ಅವ್ವನ ಕಡೆಗೇ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿತು, ಜೋಳವೂ ಆ ಪಟ್ಟಿಯಲ್ಲಿತ್ತು, ಪಟ್ಟಣದ ಅಂಗಡಿಗಳಲ್ಲಿ ಜೋಳಕ್ಕೆ ಹೊಸ ಚೀಲ ಬಂತು. ಚೀಲದಲ್ಲಿ ಬರುವುದು ಜೋಳವೊಂದೇ. ಅದರ ಜೊತೆ ಬೆಳೆದವುಗಳನ್ನೂ, ಅವನ್ನು ಆರಿಸಿ ಬಿತ್ತುವವಳ ತಿಳಿವಳಿಕೆಯನ್ನೂ ಯಾರೂ ಕೊಂಡು ತರಲಾರರು. ಇಡೀ ತೋಟ ಕಿತ್ತು ಜೋಳ ಹಾಕಿರೆಂದು ಹೇಳುವ ಹಕ್ಕು ನನಗಿಲ್ಲ. ಒಂದು ಮನೆಗೆ ವರ್ಷಕ್ಕೆ ಸಾಲುವಷ್ಟು ಅಕ್ಕಡಿ ಹೊಲ ಉಳಿಯಲಿ ಎಂದು ಆಸೆಪಡುವ ಹಕ್ಕು, ಆ ಮನೆಯಲ್ಲಿ ಉಂಡವಳಾಗಿ, ಇದೆ.

ವಾಪಸು ಬರುವಾಗ ವಿಜಯಪುರದ ಗಾಂಧಿ ಚೌಕದ ಹತ್ತಿರದ ಪೇಟೆಯಲ್ಲಿ ಬಿಳಿಜೋಳ, ಗುರೆಳ್ಳು, ಅಗಸಿ, ಮಡಿಕೆ ಕೊಂಡೆ. ಹಿಟ್ಟು ಬೇಡ, ಕಾಳೇ ಒಯ್ಯಿರಿ, ಆಗೀಗ ಎರಡೆರಡು ಕಿಲೋ ಬೀಸಿಸಿರಿ ಎಂದು ಅಂಗಡಿಯವರು ಹೇಳಿದರು. ರೈಲಿಗೆ ಮುಂಚೆ ಖಾನಾವಳಿಯೊಂದರಲ್ಲಿ ಉಂಡೆ. ಕಟಕ ರೊಟ್ಟಿ, ಝುಣಕ, ಹೆಸರುಕಾಳು, ಹಿಂಡಿ, ಮೊಸರು, ಸೌತೆಕಾಯಿ. ಅವ್ವನ ಲೆಕ್ಕದ ಪ್ರಕಾರ ತಪ್ಪಲೊಂದು ಕಡಿಮೆ ಇತ್ತು. ಗೋಲಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ಬಾಗಲಕೋಟೆ, ಬಾದಾಮಿ ದಾಟುವಾಗ ಬನಶಂಕರಿ ಗುಡಿಯ ಮುಂದೆ ಬುಟ್ಟಿಯಲ್ಲಿ ರೊಟ್ಟಿ, ಹಿಂಡಿ, ಗಡಿಗೆ ಮೊಸರು ಹೊತ್ತು ಮಾರುವ ಹೆಣ್ಣುಮಕ್ಕಳ ನೆನಪಾಯಿತು. ಅವರ ಬುಟ್ಟಿಯೂ ಇದೇ ಲೆಕ್ಕದ್ದು.

ನಮ್ಮ ಮನೆಯ ಸೋಮವಾರ ಈಗ ಬೇರೆಯಾಗಿದೆ. ನನ್ನ ರೊಟ್ಟಿ ಸೊಸೆಯ ರೊಟ್ಟಿಯಷ್ಟು ತೆಳ್ಳಗಿರುವುದಿಲ್ಲ. ದಪ್ಪ ಬಂದದ್ದನ್ನು ಮುಟಗಿ ಕುಟ್ಟುತ್ತೇನೆ, ಮಕ್ಕಳು ಅದಕ್ಕಾಗಿ ಕಾಯುತ್ತಾರೆ. ಒಂದು ವಾರ ಎಣ್ಣೆಗಾಯಿ ಮತ್ತು ಹೆಸರುಕಾಳು, ಇನ್ನೊಂದು ವಾರ ಝುಣಕ ಮತ್ತು ಮೆಂತ್ಯೆ. ರೊಟ್ಟಿ ಬಡಿಯಲು ಪುರುಸೊತ್ತಿಲ್ಲದ ದಿನ ಜೋಳದ ನುಚ್ಚು ಬೇಯಿಸಿ, ಗಟ್ಟಿ ಬೇಳೆ, ಹಿಂಡಿ, ಹಸಿ ಉಳ್ಳಾಗಡ್ಡಿ. ಅನ್ನವೇ ಬೇಕೆಂದವರಿಗೆ ಅನ್ನ, ಆದರೆ ಪಕ್ಕದಲ್ಲಿ ಕಾಳು ಮತ್ತು ಶೇಂಗಾ ಹಿಂಡಿ ತಪ್ಪದೆ. ಪುಂಡಿಗೆ ಇಲ್ಲಿಯ ಮಾರುಕಟ್ಟೆಯಲ್ಲಿ ಗೋಂಗೂರ ಎಂದು ಕೇಳಬೇಕು, ಸಿಗುತ್ತದೆ. ಹಕ್ಕರಕಿ ಸಿಕ್ಕಿಲ್ಲ, ಅದರ ಜಾಗಕ್ಕೆ ಎಳೆ ಮೂಲಂಗಿ ಸೊಪ್ಪು.

ಹಿಂಗಾರಿ ಬಿತ್ತನೆಯ ಹೊತ್ತಿಗೆ ಗೆಳತಿ ಊರಿನ ಸುದ್ದಿ ತಂದಳು. ತಗ್ಗಿನ ಹೊಲದಲ್ಲಿ ಮೇಲಿನ ಅರ್ಧಕ್ಕೆ ಮುರುಮು ಬಿದ್ದಿದೆಯಂತೆ, ಕಂಬಗಳೂ ಬಂದಿವೆಯಂತೆ. ಕೆಳಗಿನ ಅರ್ಧ ಅವ್ವ ಬಿಟ್ಟುಕೊಟ್ಟಿಲ್ಲ. ಅಲ್ಲಿ ಜೋಳ ಬಿತ್ತಿ, ಅಕ್ಕಡಿಗೆ ಕಡಲೆ, ಅಂಚಿಗೆ ಕುಸುಬಿ ಹಾಕಿಸಿದ್ದಾರೆ. ಮನೆಯಲ್ಲಿಟ್ಟಿದ್ದ ಅಗಸಿ ಬೀಜಕ್ಕೆ ಹುಳ ಬಿದ್ದಿತ್ತೆಂದು ಜತ್ತದ ಬೀಗರ ಕಡೆಯಿಂದ ಒಂದು ಪಾವು ತರಿಸಿಕೊಂಡರಂತೆ. ಬಿತ್ತುವ ದಿನ ಬೀಜದ ಕೊಳವೆ ಹಿಡಿದು ಕೂರಿಗೆಯ ಹಿಂದೆ ನಡೆದದ್ದು ಸೊಸೆ, ಯಾವ ಸಾಲಿಗೆ ಯಾವ ಕಾಳು ಎಂದು ಬದುವಿನ ಮೇಲೆ ನಿಂತು ಹೇಳಿದ್ದು ಅವ್ವ.